ಕೋಮೊ, ಗಾರ್ಡಾ ಬಿಟ್ಟು ಇಟಲಿಯ ಮೂರು ಸರೋವರದ ಊರುಗಳು: ಓರ್ತಾ, ಮೊಂತೆ ಇಸೋಲಾ, ಬೊಲ್ಸೇನಾ

ಇಟಲಿಗೆ ಬರುವ ನೆಂಟರು, ಗೆಳೆಯರು ಎಲ್ಲರೂ ಮೊದಲು ಕೇಳುವುದು ಕೋಮೊ ಸರೋವರವನ್ನೇ. ಅದರ ದಡದ ಬೆಲ್ಲಾಜಿಯೊ ಊರಿನ ಫೋಟೊ ನೋಡಿರುತ್ತಾರೆ, ಅಲ್ಲಿಗೇ ಹೋಗಬೇಕು ಅನ್ನುತ್ತಾರೆ. ಊರು ಚೆನ್ನಾಗಿಲ್ಲ ಅಂತ ನಾನು ಹೇಳಲ್ಲ. ಆದರೆ ಜುಲೈ ಬಿಸಿಲಲ್ಲಿ ದೋಣಿಗೆ ಸಾಲು ನಿಂತು, ಕೂರಲು ಜಾಗ ಸಿಗದೆ ಅಲೆದು, ಸಂಜೆ ತುಂಬಿ ತುಳುಕುವ ರೈಲಿನಲ್ಲಿ ವಾಪಸ್ ಬರೋದಕ್ಕೆ ಅಷ್ಟು ದೂರದಿಂದ ದುಡ್ಡು ಖರ್ಚು ಮಾಡಿಕೊಂಡು ಬರಬೇಕಾ? ನಾನು ಕೆಲಸದ ಮೇಲೆ ಮಿಲಾನಿನಲ್ಲಿದ್ದೇನೆ. ಬೆಂಗಳೂರಿಂದ ಅಪ್ಪ ಅಮ್ಮ ಬಂದಾಗ, ಅಕ್ಕನ ಮನೆಯವರು ಬಂದಾಗ, ಕೆಲವೊಮ್ಮೆ ನಾವಿಬ್ಬರೇ, ಹೀಗೆ ಸಣ್ಣ ಸಣ್ಣ ಸರೋವರದ ಊರುಗಳಲ್ಲಿ ರಾತ್ರಿ ಉಳಿದು ನೋಡಿದ್ದೇವೆ. ಅದರಲ್ಲಿ ಮೂರನ್ನು ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ನಾನು ಊರನ್ನು ತೂಗುವುದು ಸಂಜೆ ಆರರ ಮೇಲೆ. ಬೆಳಿಗ್ಗೆ ಬಂದ ಪ್ರವಾಸಿಗರೆಲ್ಲ ಹೋದ ಮೇಲೆ ಅಲ್ಲಿ ಊರಿನವರು ಉಳಿದಿರುತ್ತಾರಾ? ಬ್ರೆಡ್ಡಿನ ಅಂಗಡಿ, ಔಷಧಿ ಅಂಗಡಿ, ಚೆಂಡಾಡುವ ಮಕ್ಕಳು ಇದ್ದಾರಾ? ಅಂಥ ಊರಲ್ಲಿ ನಮಗೂ ಆರಾಮ ಅನಿಸುತ್ತದೆ. ಆಮೇಲೆ ಕಾರಿಲ್ಲದೆ ಹೋಗಬಹುದಾ, ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬುತ್ತದಾ ಅನ್ನುವುದನ್ನು ನೋಡುತ್ತೇನೆ.

ಮೊದಲೇ ಒಂದು ಮಾತು. ಕೋಮೊದಲ್ಲೇ ಶಾಂತವಾದ ಊರು ಬೇಕು ಅಂದವರಿಗೆಲ್ಲ ಜನ ವರೆನ್ನಾ ಹೆಸರು ಹೇಳುತ್ತಾರೆ. ಮಿಲಾನಿಂದ ನೇರ ರೈಲು, ಹೆಚ್ಚುಕಮ್ಮಿ ಒಂದು ಗಂಟೆ. ಆ ಸುಲಭವೇ ಅದಕ್ಕೆ ಮುಳುವಾಗಿದೆ. ಬೆಲ್ಲಾಜಿಯೊಗೆ ಹೋಗುವವರೂ ಅಲ್ಲೇ ಇಳಿದು ದೋಣಿ ಹತ್ತುತ್ತಾರೆ. ಏಪ್ರಿಲ್ ಮೊದಲ ವಾರ ಅಥವಾ ಅಕ್ಟೋಬರ್ ಕೊನೆಯಲ್ಲಿ ಬಂದರೆ ಹೋಗಿ. ಬೇಸಿಗೆಯಲ್ಲಿ ಬೇಡ.

ಈಗ ಓರ್ತಾ. ಪೂರ್ತಿ ಹೆಸರು ಓರ್ತಾ ಸಾನ್ ಜೂಲಿಯೊ. ಪಿಯೆಮೊಂತೆ ಪ್ರಾಂತ್ಯದಲ್ಲಿ, ದೊಡ್ಡ ಮಜ್ಜೋರೆ ಸರೋವರದ ಪಶ್ಚಿಮಕ್ಕೆ ಬೆಟ್ಟದ ಮರೆಯಲ್ಲಿದೆ. ನೋಡೋದಕ್ಕೆ ಮೂರರಲ್ಲಿ ಇದೇ ಚೆಂದ, ಎರಡು ಮಾತಿಲ್ಲ. ಹಳೇ ಊರಿನೊಳಗೆ ಹೊರಗಿನವರ ಕಾರು ಬಿಡಲ್ಲ. ಕಲ್ಲು ಹಾಸಿದ ಓಣಿ ಇಳಿದು ಬಂದರೆ ಚೌಕ, ಚೌಕದ ಒಂದು ಪಕ್ಕ ಪೂರ್ತಿ ನೀರು, ನೀರಿನ ನಡುವೆ ಸಣ್ಣ ದ್ವೀಪ. ದ್ವೀಪದಲ್ಲಿ ಒಂದು ಹಳೆಯ ಬಸಿಲಿಕಾ, ಬೆನೆಡಿಕ್ಟೀನ್ ಸನ್ಯಾಸಿನಿಯರ ಮಠ, ಸುತ್ತ ಒಂದೇ ಓಣಿ. ಆ ಓಣಿಯುದ್ದಕ್ಕೂ ಮೌನದ ಬಗ್ಗೆ ಒಂದೊಂದು ಸಾಲು ಬರೆದ ಫಲಕಗಳನ್ನು ತೂಗುಹಾಕಿದ್ದಾರೆ. ಇಪ್ಪತ್ತು ನಿಮಿಷದಲ್ಲಿ ಸುತ್ತಿ ಬರಬಹುದು. ಊರಿನ ಹಿಂದಿನ ಗುಡ್ಡದ ಮೇಲೆ ಸಾಕ್ರೊ ಮೊಂತೆ ಇದೆ. ಅಸ್ಸಿಸಿಯ ಸಂತ ಫ್ರಾನ್ಸಿಸ್‌ನ ಬದುಕಿನ ಕಥೆಯನ್ನು ಮಣ್ಣಿನ ಆಳೆತ್ತರದ ಮೂರ್ತಿಗಳಲ್ಲಿ ಹೇಳುವ 20 ಗುಡಿಗಳು. ಕಟ್ಟಲು ಶುರುಮಾಡಿದ್ದು 1590ರಲ್ಲಿ, ಯುನೆಸ್ಕೊ ಪಟ್ಟಿಗೆ ಸೇರಿದ್ದು 2003ರಲ್ಲಿ. ಮರಗಳ ನೆರಳು ಚೆನ್ನಾಗಿದೆ, ದುಡ್ಡು ಕೊಡಬೇಕಿಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಗುಡ್ಡವೆಲ್ಲ ನಿಮ್ಮದೇ.

ಈ ಸರೋವರದ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಇವತ್ತು ಇದರ ನೀರಿನಲ್ಲಿ ಮಕ್ಕಳು ಈಜುತ್ತಾರೆ. ಆದರೆ 1926ರಲ್ಲಿ ದಕ್ಷಿಣದ ದಡದಲ್ಲಿ ಕೃತಕ ರೇಷ್ಮೆಯ ಕಾರ್ಖಾನೆಯೊಂದು ಬಂದು ತಾಮ್ರ, ಅಮೋನಿಯಾ ತುಂಬಿದ ನೀರು ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಮೀನೆಲ್ಲ ಸತ್ತವು. ಆಮೇಲೆ ಎಷ್ಟೋ ದಶಕ ಇದು ಆಮ್ಲ ತುಂಬಿದ, ಜೀವವಿಲ್ಲದ ನೀರು. 1989-90ರಲ್ಲಿ ಸಾವಿರಾರು ಟನ್ ಸುಣ್ಣದ ಕಲ್ಲಿನ ಪುಡಿಯನ್ನು ದೋಣಿಯಿಂದ ಎರಚಿ ಆಮ್ಲ ತಗ್ಗಿಸಿದರು. ನಿಧಾನವಾಗಿ ಜೀವ ವಾಪಸ್ ಬಂತು. ಬೆಳ್ಳಂದೂರು ಕೆರೆಯ ನೊರೆ ನೋಡಿಕೊಂಡು ಆಫೀಸಿಗೆ ಹೋಗುತ್ತಿದ್ದವನು ನಾನು. ಓರ್ತಾದ ದಡದಲ್ಲಿ ಕಾಲು ಇಳಿಬಿಟ್ಟು ಕೂತಾಗ ತಳದ ಕಲ್ಲು ಕಾಣುತ್ತಿತ್ತು. ಮನಸ್ಸು ಮಾಡಿದರೆ ಆಗುತ್ತದೆ, ಅಲ್ವಾ?

ತೊಂದರೆ ಏನು ಅಂದರೆ, ಓರ್ತಾ ಈಗ ಪೂರ್ತಿ ಪ್ರವಾಸಿಗರ ಊರು. ಭಾನುವಾರ ಮಿಲಾನ್, ತುರಿನ್ ಕಡೆಯವರು ಬರುತ್ತಾರೆ, ಬೇಸಿಗೆಯಲ್ಲಿ ಹೊರದೇಶದವರ ಮದುವೆಗಳು ಬೇರೆ. ರೂಮಿನ ಬಾಡಿಗೆ ಅದಕ್ಕೆ ತಕ್ಕಂತೆ ಜಾಸ್ತಿ. ರಾತ್ರಿ ತುಂಬಾ ಶಾಂತ, ಆದರೆ ಚೌಕದ ಸುತ್ತ ಇರುವುದು ಹೋಟೆಲು, ಉಡುಗೊರೆ ಅಂಗಡಿಗಳೇ, ದಿನಸಿ ಹುಡುಕಬೇಕು. ರೈಲಿನಲ್ಲಿ ಬರುವವರು ನೊವಾರಾದಲ್ಲಿ ಬದಲಿಸಬೇಕು. ಗಾಡಿಗಳು ಕಡಿಮೆ, ನಿಲ್ದಾಣ ಊರಿಂದ ಮೇಲೆ ದೂರದಲ್ಲಿದೆ. ಸೂಟ್‌ಕೇಸ್ ಎಳೆದುಕೊಂಡು ಇಳಿಯೋದು ಅಪ್ಪ ಅಮ್ಮನ ವಯಸ್ಸಿನವರಿಗೆ ಹೇಳಿದ್ದಲ್ಲ. ಎದುರು ದಡದ ಪೆಲ್ಲಾದಲ್ಲಿ ಉಳಿದು ದೋಣಿಯಲ್ಲಿ ಓರ್ತಾಕ್ಕೆ ಬಂದು ಹೋಗುವುದು ಒಳ್ಳೆಯ ಉಪಾಯ. ಅಲ್ಲಿ ಸಂಜೆ ಊರಿನವರೇ ಜಾಸ್ತಿ. ಕಾಫಿ ಪ್ರಿಯರು ಉತ್ತರದ ತುದಿಯ ಒಮೇನ್ಯಾಕ್ಕೂ ಹೋಗಿ ಬನ್ನಿ, ಒಲೆ ಮೇಲಿಡುವ ಮೋಕಾ ಪಾತ್ರೆಯ ಊರು ಅದೇ.

ಎರಡನೆಯದು ಮೊಂತೆ ಇಸೋಲಾ. ನನ್ನ ಓಟು ಇದಕ್ಕೇ, ಮೊದಲೇ ಹೇಳಿಬಿಡುತ್ತೇನೆ. ಬೆರ್ಗಮೊ ಮತ್ತು ಬ್ರೆಶಾ ನಡುವಿನ ಇಜೇಯೊ ಸರೋವರದ ಮಧ್ಯೆ ಎದ್ದು ನಿಂತಿರುವ ಗುಡ್ಡ ಇದು. ಇಟಲಿಯ ಸರೋವರಗಳಲ್ಲೇ ದೊಡ್ಡ ದ್ವೀಪ. ತುದಿ ಸಮುದ್ರಮಟ್ಟದಿಂದ 600 ಮೀಟರ್, ಅಲ್ಲಿ ಮಾತೆ ಮರಿಯಾಳ ಒಂದು ಗುಡಿ. ಖಾಸಗಿ ಕಾರು ಇಲ್ಲ. ಊರಿನವರು ಮೊಪೆಡ್ ಓಡಿಸುತ್ತಾರೆ, ಒಂದು ಸಣ್ಣ ಬಸ್ಸು ಹಳ್ಳಿಯಿಂದ ಹಳ್ಳಿಗೆ ಹತ್ತುತ್ತದೆ. 2016ರಲ್ಲಿ ಕ್ರಿಸ್ತೊ ಅನ್ನುವ ಕಲಾವಿದ ಸುಲ್ಜಾನೊ ದಡದಿಂದ ಈ ದ್ವೀಪಕ್ಕೆ ಹಳದಿ ಬಟ್ಟೆ ಹೊದಿಸಿದ ತೇಲುವ ದಾರಿ ಹಾಕಿದಾಗ 16 ದಿನದಲ್ಲಿ ಸುಮಾರು 12 ಲಕ್ಷ ಜನ ನಡೆದು ಬಂದರು. ಅಷ್ಟೆಲ್ಲ ಹೆಸರು ಬಂದ ಮೇಲೂ ಊರು ತನ್ನ ಪಾಡಿಗೆ ತಾನಿದೆ. ನನಗೆ ಇಷ್ಟವಾಗಿದ್ದು ಅದೇ.

ಹೋಗುವುದು ಸುಲಭ. ಮಿಲಾನಿಂದ ಬ್ರೆಶಾ, ಅಲ್ಲಿಂದ ಎಡೋಲೊ ಕಡೆಗೆ ಹೋಗುವ ಪುಟ್ಟ ರೈಲು. ಸುಲ್ಜಾನೊದಲ್ಲಿ ಇಳಿದು ನಾಲ್ಕು ಹೆಜ್ಜೆ ಕೆಳಗಿಳಿದರೆ ದೋಣಿಕಟ್ಟೆ. ಆಚೆ ದಡದ ಪೆಸ್ಕಿಯೆರಾ ಮರಾಲ್ಯೊಗೆ ಐದು ನಿಮಿಷ. ಹಗಲು ಆಗಾಗ ದೋಣಿ ಇದೆ, ರಾತ್ರಿ ತಡವಾದರೂ ಸಿಗುತ್ತದೆ, ಯಾಕೆಂದರೆ ದ್ವೀಪದವರು ಕೆಲಸಕ್ಕೆ, ಶಾಲೆಗೆ ಓಡಾಡುವುದು ಇದರಲ್ಲೇ. ಬೆಳಿಗ್ಗೆಯ ದೋಣಿಯಲ್ಲಿ ಬ್ಯಾಗು ಹೊತ್ತ ಹೈಸ್ಕೂಲ್ ಮಕ್ಕಳೇ ತುಂಬಿರುತ್ತಾರೆ.

ದಡದುದ್ದಕ್ಕೂ ನಡೆದರೆ ಸರೋವರದ ಮೀನನ್ನು ಒಣಹಾಕಿರುವುದು ಕಾಣುತ್ತದೆ. ಬಾಗಿಸಿದ ಕಟ್ಟಿಗೆಯ ಚೌಕಟ್ಟಿಗೆ ಸಾಲಾಗಿ ಸಿಕ್ಕಿಸಿ ಬಿಸಿಲಿಗೆ ನಿಲ್ಲಿಸಿರುತ್ತಾರೆ, ಒಣಗಿದ ಮೇಲೆ ಎಣ್ಣೆಯಲ್ಲಿ ಅದ್ದಿಡುತ್ತಾರೆ. ವಾಸನೆ ಆಗದವರು ಸ್ವಲ್ಪ ಬೇಗ ಹೆಜ್ಜೆ ಹಾಕಬೇಕು. ಮೊದಲಿಂದಲೂ ಬಲೆ ಹೆಣೆಯುವವರ ಊರು ಇದು. ಒಂದು ಮನೆಯ ಮುಂದೆ ವಯಸ್ಸಾದ ಹೆಂಗಸೊಬ್ಬರು ಮರದ ಸೂಜಿಯಲ್ಲಿ ಬಲೆಗೆ ಗಂಟು ಹಾಕುತ್ತಾ ಕೂತಿದ್ದರು. ಅಮ್ಮ ಕ್ರೋಶ ಹಾಕುವವರು, ನಿಂತುಬಿಟ್ಟರು. ಆಕೆ ಸೂಜಿ ಕೈಗೆ ಕೊಟ್ಟು ನಿಧಾನಕ್ಕೆ ತೋರಿಸಿದರು. ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಇಟಾಲಿಯನ್. ಅರ್ಧ ಗಂಟೆ ಮಾತಾಡಿದರು, ನಾವ್ಯಾರೂ ನಡುವೆ ಬಾಯಿ ಹಾಕಲಿಲ್ಲ.

ದ್ವೀಪದ ಸುತ್ತು ಸುಮಾರು 9 ಕಿಲೋಮೀಟರ್. ಬಹುಪಾಲು ಸಮತಟ್ಟು, ಒಂದು ಕಡೆ ಏರು. ಮೇಲಿನ ಗುಡಿಗೆ ಬಸ್ಸಿನಲ್ಲಿ ಕೂರೆ ಅನ್ನುವ ಹಳ್ಳಿಯ ತನಕ ಹೋಗಿ ಅಲ್ಲಿಂದ ನಡೆದರೆ ಮಂಡಿ ನೋವಿನವರಿಗೂ ನಿಧಾನಕ್ಕೆ ಆಗುತ್ತದೆ. ಕೊರತೆಯೂ ಇದೆ. ಓರ್ತಾದ ಹಾಗೆ ಮೂಲೆಮೂಲೆಯೂ ಚಿತ್ರದಂತಿಲ್ಲ. ಪಶ್ಚಿಮ ದಡದ ತವೆರ್ನೊಲಾದಲ್ಲಿ ಸಿಮೆಂಟ್ ಕಾರ್ಖಾನೆ ಇದೆ, ಕೊರೆದ ಬೆಟ್ಟ ದ್ವೀಪದ ಆ ಬದಿಯಿಂದ ಕಣ್ಣಿಗೆ ಹೊಡೆಯುತ್ತದೆ. ರೂಮುಗಳು ಕಡಿಮೆ, ಬೇಗ ತುಂಬುತ್ತವೆ. ಸಿಗದಿದ್ದರೆ ದಕ್ಷಿಣ ತುದಿಯ ಇಜೇಯೊ ಪಟ್ಟಣದಲ್ಲಿ ಉಳಿಯಿರಿ. ಕೋಟೆ, ಕಮಾನಿನ ಅಂಗಡಿಸಾಲು, ರೈಲು, ದೋಣಿ ಎಲ್ಲ ಕಾಲ್ನಡಿಗೆಯಲ್ಲಿ. ಹತ್ತಿರದಲ್ಲೇ ತೊರ್ಬಿಯೆರೆ ಜೌಗು ಇದೆ, ಹಕ್ಕಿ ನೋಡುವವರಿಗೆ ಹಬ್ಬ.

ಬೊಲ್ಸೇನಾ ಬೇರೆಯೇ ಲೋಕ. ಉತ್ತರದ ಆಲ್ಪ್ಸ್ ಕಡೆಯದ್ದಲ್ಲ, ರೋಮ್‌ನ ಉತ್ತರಕ್ಕೆ, ಲಾಜಿಯೊ ಪ್ರಾಂತ್ಯದಲ್ಲಿ. ಜ್ವಾಲಾಮುಖಿ ಕುಸಿದ ಗುಂಡಿಯಲ್ಲಿ ನಿಂತ ನೀರು, ಆ ಬಗೆಯ ಸರೋವರಗಳಲ್ಲಿ ಯುರೋಪಿಗೇ ದೊಡ್ಡದು. ಮರಳು ಕಪ್ಪು, ನೀರು ತಿಳಿ, ಈಜಲು ಮೂರರಲ್ಲಿ ಇದೇ ಉತ್ತಮ. ಮೇಲೆ ಕೋಟೆ, ಕೆಳಗೆ ಸಂತ ಕ್ರಿಸ್ತೀನಾಳ ಚರ್ಚು. 1263ರಲ್ಲಿ ಪೂಜೆಯ ರೊಟ್ಟಿಯಿಂದ ರಕ್ತ ಹನಿಯಿತು ಅನ್ನುವ ಪವಾಡದ ಜಾಗ ಅದು. ಅದರ ನೆನಪಿಗೆ ಕೋರ್ಪುಸ್ ದೊಮಿನಿ ಹಬ್ಬಕ್ಕೆ ಬೀದಿ ತುಂಬ ಹೂವಿನ ದಳದಲ್ಲಿ ಚಿತ್ರ ಬಿಡಿಸುತ್ತಾರೆ. ನಮ್ಮ ರಂಗೋಲಿ ನೋಡಿ ಬೆಳೆದವರು ಅದನ್ನು ನೋಡಲೇಬೇಕು, ಹಬ್ಬ ಸಾಮಾನ್ಯವಾಗಿ ಜೂನ್ ಹೊತ್ತಿಗೆ ಬರುತ್ತದೆ. ರೋಮ್‌ಗೆ ಕಾಲ್ನಡಿಗೆಯಲ್ಲಿ ಹೋಗುವ ಹಳೆಯ ಯಾತ್ರೆಯ ದಾರಿಯೂ ಈ ಊರಲ್ಲೇ ಹಾದುಹೋಗುತ್ತದೆ, ಬೆನ್ನಿಗೆ ಚೀಲ ಕಟ್ಟಿದವರು ಸಂಜೆ ಬಂದು ಕಾಲು ತೊಳೆದು ಕೂರುತ್ತಾರೆ. ಆದರೆ ಕಾರಿಲ್ಲದೆ ಕಷ್ಟ. ರೈಲು ಒರ್ವಿಯೆತೊ ತನಕ, ಆಮೇಲೆ ಬಸ್ಸು. ಬಸ್ಸುಗಳು ಬೆರಳೆಣಿಕೆ, ಭಾನುವಾರ ನಂಬಿಕೊಂಡು ಹೋಗಬೇಡಿ. ಕಾರಿದ್ದರೆ ಚಿವಿತಾ ದಿ ಬಾನ್ಯೊರೆಜ್ಯೊ, ವಿತೆರ್ಬೊ ಎಲ್ಲ ಹತ್ತಿರ.

ಊಟದ ವಿಷಯ ಸ್ವಲ್ಪ ಎಚ್ಚರ. ಇಜೇಯೊ ಕಡೆಯ ಕಸೊನ್ಸೆಲ್ಲಿ ಅನ್ನುವ ಕಡುಬಿನಂಥದ್ದರಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಓರ್ತಾ ಕಡೆಯ ಪನಿಶ್ಶಾ ನೋಡಲು ಹುರುಳಿಕಾಯಿ ಬೀಜದ ಅನ್ನ, ಒಳಗೆ ಸಲಾಮಿ. ರಿಸೊತ್ತೊ (ಸಾರಿನಲ್ಲಿ ಬೇಯಿಸಿದ ಅನ್ನ) ಕೇಳುವಾಗ 'ಬ್ರೋದೊ ವೆಜೆತಾಲೆ?', ಅಂದರೆ ತರಕಾರಿ ಸಾರಾ, ಅಂತ ಕೇಳಿ. ಒಂದು ಹೋಟೆಲಲ್ಲಿ ತರಕಾರಿ ರಿಸೊತ್ತೊ ಅಂತ ತಂದಿಟ್ಟರು, ವಿಚಾರಿಸಿದರೆ ಕೋಳಿಯ ಸಾರಿನಲ್ಲಿ ಬೇಯಿಸಿದ್ದು. ಅಮ್ಮ ಆ ರಾತ್ರಿ ಬ್ರೆಡ್ಡು, ಟೊಮೇಟೊ ತಿಂದು ಮಲಗಿದರು. ಚೀಸ್ ತಿನ್ನುವವರಾದರೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಮೂರು ಹೊತ್ತೂ ನಡೆಯುತ್ತದೆ. ಬೊಲ್ಸೇನಾದಲ್ಲಿ ಚೀಸ್, ಕರಿಮೆಣಸು ಹಾಕಿದ ಕಾಚೊ ಎ ಪೆಪೆ ಪಾಸ್ತಾ, ಕಡಲೆಕಾಳಿನ ಪಾಸ್ತಾ ಸಿಗುತ್ತದೆ, ಅದರಲ್ಲೂ ಹಂದಿಮಾಂಸದ ಚೂರು ಹಾಕಿದ್ದಾರಾ ಕೇಳಿ. ನಮ್ಮ ಅನುಭವದಲ್ಲಿ ಅಡುಗೆಮನೆ ಇರುವ ರೂಮೇ ಒಳ್ಳೆಯದು. ಮೊಂತೆ ಇಸೋಲಾಗೆ ಹೋಗುವವರಿಗೆ ಒಂದು ಅನುಕೂಲ ಇದೆ: ಬ್ರೆಶಾ ಜಿಲ್ಲೆಯಲ್ಲಿ ಹಸು ಸಾಕಣೆ, ಕಾರ್ಖಾನೆ ಕೆಲಸಕ್ಕೆ ಬಂದ ಪಂಜಾಬಿಗಳು ಬಹಳ ಇದ್ದಾರೆ, ಹಾಗಾಗಿ ಬ್ರೆಶಾದಲ್ಲಿ ರೈಲು ಬದಲಿಸುವಾಗಲೇ ತೊಗರಿಬೇಳೆ, ಗೋಧಿಹಿಟ್ಟು, ಹಸಿಮೆಣಸಿನಕಾಯಿ ಕೊಂಡುಕೊಳ್ಳಬಹುದು. ದ್ವೀಪದ ದಿನಸಿ ಅಂಗಡಿ ಮಧ್ಯಾಹ್ನ ಮುಚ್ಚಿರುತ್ತದೆ, ಅದಕ್ಕೆ ಮುಂಚೆ ಹಾಲು ತಂದಿಟ್ಟುಕೊಳ್ಳಿ.

ನೀವಿಬ್ಬರೇ, ಎರಡು ರಾತ್ರಿ, ಸ್ವಲ್ಪ ದುಡ್ಡು ಹೋದರೂ ಪರವಾಗಿಲ್ಲ ಅಂದರೆ ಓರ್ತಾ, ಅದೂ ಸೋಮವಾರದಿಂದ ಗುರುವಾರದ ಒಳಗೆ. ಕಾರು ಓಡಿಸುವ ಧೈರ್ಯ ಇದೆ, ರೋಮ್ ನೋಡಿ ದಣಿದಿದ್ದೀರಿ, ಮಕ್ಕಳು ನೀರಿಗೆ ಬೀಳಬೇಕು ಅಂತಿದ್ದಾರೆ ಅಂದರೆ ಬೊಲ್ಸೇನಾ. ವಯಸ್ಸಾದವರು ಜೊತೆಗಿದ್ದಾರೆ, ಕಾರು ಬೇಡ, ಒಂದು ವಾರ ಸುಮ್ನೆ ಒಂದೇ ಕಡೆ ಇರಬೇಕು ಅಂದರೆ ಮೊಂತೆ ಇಸೋಲಾ. ಮೂರಕ್ಕೂ ಮೇ ಕೊನೆ, ಜೂನ್, ಸೆಪ್ಟೆಂಬರ್ ಒಳ್ಳೆಯ ಕಾಲ. ಆಗಸ್ಟ್ 15ರ ಆಚೀಚೆ ಇಟಲಿಯವರೇ ರಜಕ್ಕೆ ಹೊರಡುತ್ತಾರೆ, ಆಗ ಎಲ್ಲಿಯೂ ಜಾಗ ಇರಲ್ಲ. ಚಳಿಗಾಲದಲ್ಲಿ ಓರ್ತಾದ ದೋಣಿಗಳು ಕಡಿಮೆಯಾಗುತ್ತವೆ, ಹೋಟೆಲುಗಳೂ ಎಷ್ಟೋ ಮುಚ್ಚಿರುತ್ತವೆ, ರೂಮು ಹಿಡಿಯುವ ಮುಂಚೆ ಆ ತಿಂಗಳ ದೋಣಿ ವೇಳಾಪಟ್ಟಿ ತೆಗೆದು ನೋಡಿ.