ಒಂದೇ ಚೀಟಿ, ಮೂರು ಕಡೆ: ಡಿಮಾರ್ಟ್, ಬೀದಿ ಕೊನೆಯ ಅಂಗಡಿ, ಹತ್ತು ನಿಮಿಷದ ಆ್ಯಪ್

ನಮ್ಮನೆ ತಿಂಗಳ ದಿನಸಿ ಚೀಟಿಯಲ್ಲಿ 26 ಸಾಮಾನು ಇರುತ್ತವೆ. ಅಕ್ಕಿ, ತೊಗರಿಬೇಳೆ, ಎಣ್ಣೆ, ಸೋಪು, ಬಟ್ಟೆ ಒಗೆಯುವ ಪುಡಿ, ಊದುಬತ್ತಿ, ಹೀಗೆ. ಐದು ಜನರ ಮನೆ. ಇದೇ ಚೀಟಿ ಹಿಡಿದು ಒಂದು ತಿಂಗಳು ಡಿಮಾರ್ಟ್‌ಗೆ ಹೋದೆವು. ಮುಂದಿನ ತಿಂಗಳು ಬೀದಿ ಕೊನೆಯ ಅಂಗಡಿಗೆ ಕೊಟ್ಟೆವು. ಮೂರನೇ ತಿಂಗಳು ಹತ್ತು ನಿಮಿಷದಲ್ಲಿ ತಂದುಕೊಡುವ ಒಂದು ಆ್ಯಪ್‌ನಲ್ಲಿ ತರಿಸಿದೆವು. ಬಿಲ್ಲುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಟ್ಟೆ.

ಚೀಟಿಯಲ್ಲಿದ್ದ ಸಾಮಾನಿಗೆ ಮಾತ್ರ ಲೆಕ್ಕ ಹಾಕಿದರೆ ಡಿಮಾರ್ಟ್‌ನಲ್ಲಿ 4,565 ರೂಪಾಯಿ, ಅಂಗಡಿಯಲ್ಲಿ 5,140. ಆ್ಯಪ್‌ನಲ್ಲಿ ಡೆಲಿವರಿ, ಹ್ಯಾಂಡ್ಲಿಂಗ್ ಅಂತೆಲ್ಲ ಸೇರಿ 5,020. ಡಿಮಾರ್ಟ್‌ಗೂ ಅಂಗಡಿಗೂ 575 ರೂಪಾಯಿ ವ್ಯತ್ಯಾಸ. ನಮ್ಮಂಥ ಮನೆಗೆ ಇದು ಸಣ್ಣ ಮೊತ್ತವಲ್ಲ.

ಆ 575 ಎಲ್ಲಿಂದ ಬಂತು ಅಂತ ಎರಡು ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅಕ್ಕಿಯಲ್ಲಿ ವ್ಯತ್ಯಾಸವೇ ಇಲ್ಲ. ತೊಗರಿಬೇಳೆಯಂತೂ ಅಂಗಡಿಯಲ್ಲೇ ಕೇಜಿಗೆ ನಾಲ್ಕು ರೂಪಾಯಿ ಕಡಿಮೆ. ಹೆಚ್ಚುಕಡಿಮೆ ಎಲ್ಲ ಉಳಿತಾಯವೂ ಎಂಆರ್‌ಪಿ ಮುದ್ರಿಸಿದ ಪ್ಯಾಕೆಟ್ಟುಗಳದ್ದು. ಸೋಪು, ಪೇಸ್ಟು, ಟೀ ಪುಡಿ, ಬಿಸ್ಕತ್ತು, ಎಣ್ಣೆ. ಅಂಗಡಿಯಲ್ಲಿ ಇವನ್ನು ಎಂಆರ್‌ಪಿಗೆ ಕೊಡುತ್ತಾರೆ. ಡಿಮಾರ್ಟ್‌ನಲ್ಲಿ ಹಬ್ಬ ಇರಲಿ ಬಿಡಲಿ, ಎಂಆರ್‌ಪಿಗಿಂತ ಕೆಳಗೇ ಇರುತ್ತದೆ.

ಅವರಿಗೆ ಇದು ಹೇಗೆ ಸಾಧ್ಯ ಅಂತ ಓದಿ ತಿಳಿದುಕೊಂಡ ಮೇಲೆ ನನಗೆ ಆ ಕಂಪನಿಯ ಮೇಲೆ ಗೌರವ ಜಾಸ್ತಿಯಾಯಿತು. ಷೇರುಪೇಟೆಯಲ್ಲಿ ಹೆಸರು ಮಾಡಿದ ರಾಧಾಕಿಶನ್ ದಮಾನಿ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದರು. ಆಮೇಲೆ ಅವಸರ ಮಾಡಲಿಲ್ಲ. 2017ರ ಮಾರ್ಚ್‌ನಲ್ಲಿ ಷೇರು ಮಾರುಕಟ್ಟೆಗೆ ಬರುವ ಹೊತ್ತಿಗೆ, ಅಂದರೆ 15 ವರ್ಷಕ್ಕೆ, ಇದ್ದದ್ದು 131 ಮಳಿಗೆ. 2025ರ ಮಾರ್ಚ್‌ಗೆ ಅದು 415 ಆಯಿತು. ಒಂದು ಕಡೆ ಬೇರು ಬಿಟ್ಟ ಮೇಲೆ ಅದರ ಸುತ್ತಮುತ್ತಲೇ ಇನ್ನಷ್ಟು ಮಳಿಗೆ ತೆರೆಯುವುದು ಅವರ ಪದ್ಧತಿ. ಒಂದೇ ಗೋದಾಮಿನಿಂದ ಹತ್ತಾರು ಕಡೆಗೆ ಲಾರಿ ಹೋಗುತ್ತದೆ, ಸಾಗಾಟದ ಖರ್ಚು ಇಳಿಯುತ್ತದೆ. ಹೆಚ್ಚಿನ ಮಳಿಗೆಗಳ ಕಟ್ಟಡ ಅವರದ್ದೇ. ದುಬಾರಿ ಮಾಲ್‌ಗಳಿಗೆ ಹೋಗುವುದಿಲ್ಲ. ಹಾಗಾಗಿ ವರ್ಷ ವರ್ಷ ಏರುವ ಬಾಡಿಗೆಯ ತಲೆನೋವು ಕಡಿಮೆ.

ಇದೆಲ್ಲಕ್ಕಿಂತ ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಸರಕು ಕೊಟ್ಟ ಕಂಪನಿಗೆ ಅವರು ಒಂದು ವಾರ, ಹತ್ತು ದಿನದ ಆಸುಪಾಸಿನಲ್ಲಿ ದುಡ್ಡು ಕೊಟ್ಟುಬಿಡುತ್ತಾರೆ. ಈ ವ್ಯಾಪಾರದಲ್ಲಿ ತಿಂಗಳುಗಟ್ಟಲೆ ಕಾಯಿಸುವವರೂ ಇದ್ದಾರೆ. ಬೇಗ ದುಡ್ಡು ಬರುತ್ತದೆ ಅಂದರೆ ಮಾರುವವರು ಬೆಲೆ ಇಳಿಸುತ್ತಾರೆ. ಆ ಇಳಿಕೆಯಲ್ಲಿ ದೊಡ್ಡ ಪಾಲನ್ನು ಡಿಮಾರ್ಟ್ ನಮಗೆ ದಾಟಿಸುತ್ತದೆ. 2024–25ರಲ್ಲಿ ಸುಮಾರು 59,000 ಕೋಟಿ ರೂಪಾಯಿ ವಹಿವಾಟು ಮಾಡಿದರೂ, ನೂರು ರೂಪಾಯಿ ಮಾರಿದಾಗ ಕೊನೆಗೆ ಕೈಗೆ ಉಳಿದದ್ದು ಐದು ರೂಪಾಯಿಗಿಂತ ಕಡಿಮೆ.

ಆದರೆ ಡಬ್ಬಿಯಲ್ಲಿದ್ದ ನಿಜವಾದ ಡಿಮಾರ್ಟ್ ಬಿಲ್ 6,310ರದ್ದು. ಚೀಟಿಯಲ್ಲಿಲ್ಲದ ಎರಡು ಬೆಡ್‌ಶೀಟ್, ಪ್ಲಾಸ್ಟಿಕ್ ಡಬ್ಬಿಗಳ ಒಂದು ಸೆಟ್, ಮಕ್ಕಳಿಗೆ ಟೀ ಶರ್ಟು, ಒಂದು ಬಾಣಲೆ ಟ್ರಾಲಿ ಸೇರಿದ್ದವು. ಡಿಮಾರ್ಟ್ ಮಾರಾಟದಲ್ಲಿ ಬಟ್ಟೆ, ಪಾತ್ರೆ ಥರದ ಸಾಮಾನಿನ ಪಾಲು ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಲಾಭ ಮಾತ್ರ ದಿನಸಿಗಿಂತ ಅದರಲ್ಲೇ ಹೆಚ್ಚು. ಸೋಪು, ಎಣ್ಣೆಯಲ್ಲಿ ನಾನು ಉಳಿಸಿದ್ದು ಬೆಡ್‌ಶೀಟಿಗೆ ಹೋಯಿತು. ಬೆಡ್‌ಶೀಟು ಚೆನ್ನಾಗಿದೆ, ಅದನ್ನೂ ಹೇಳಬೇಕು. ಹೋಗಿಬರಲು ಎರಡೂವರೆ ಗಂಟೆ, ಆಟೋಗೆ 160 ರೂಪಾಯಿ ಆಯಿತು.

ಅಂಗಡಿಯ ತಿಂಗಳು ಹೀಗಿರಲಿಲ್ಲ. ಚೀಟಿ ಕೊಟ್ಟು ಬಂದರೆ ಸಂಜೆ ಹುಡುಗ ಸೈಕಲ್‌ನಲ್ಲಿ ತಂದಿಡುತ್ತಾನೆ. ಚೀಟಿಯಲ್ಲಿ ಇಲ್ಲದ್ದು ಒಂದೂ ಬರಲಿಲ್ಲ. ಕಡಲೆಬೇಳೆಯಲ್ಲಿ ಹುಳ ಕಂಡಾಗ ವಾಪಸ್ ಕಳಿಸಿದೆ, ಬಿಲ್ ಕೇಳದೆ ಬದಲಾಯಿಸಿ ಕೊಟ್ಟರು. ಆ ತಿಂಗಳೇ ನಮ್ಮತ್ತೆ ಆಸ್ಪತ್ರೆ ಸೇರಿದ್ದು. ಕೈಯಲ್ಲಿದ್ದ ದುಡ್ಡೆಲ್ಲ ಅಲ್ಲಿಗೆ ಹೋಯಿತು. ಅಂಗಡಿಯಣ್ಣನಿಗೆ ಹೇಳಲು ನನಗೆ ಸಂಕೋಚ. ಅವರೇ, "ಇರ್ಲಿ ಬಿಡಕ್ಕ, ಮೊದಲು ಅಮ್ಮ ಮನೆಗೆ ಬರ್ಲಿ" ಅಂದು ಪುಸ್ತಕದಲ್ಲಿ ಬರೆದುಕೊಂಡರು. 40 ದಿನ ಬಿಟ್ಟು ಕೊಟ್ಟೆವು. ಬಡ್ಡಿ ಇಲ್ಲ, ಫೋನ್ ಇಲ್ಲ.

ಆಗ ನನಗೆ ಆ 575 ರೂಪಾಯಿ ಬೇರೆ ಥರ ಕಾಣಿಸಿತು. ಡಿಮಾರ್ಟ್ ಬೇಗ ದುಡ್ಡು ಕೊಟ್ಟು ಅಗ್ಗಕ್ಕೆ ಕೊಳ್ಳುತ್ತದೆ. ನಾವೂ ಅಲ್ಲಿ ಒಂದೇ ಸಲ ದುಡ್ಡು ಕೊಟ್ಟು ಅಗ್ಗಕ್ಕೆ ಕೊಳ್ಳುತ್ತೇವೆ. ಅಂಗಡಿಯಣ್ಣ ಅವರ ಸಗಟು ವ್ಯಾಪಾರಿಗೆ ಹೇಗೋ ಹೊಂದಿಸಿ ಕೊಟ್ಟು, ನಮ್ಮಿಂದ ಬರುವವರೆಗೆ ಕಾಯುತ್ತಾರೆ. ಆ ಕಾಯುವುದಕ್ಕೂ ಒಂದು ಬೆಲೆ ಇರಬೇಕಲ್ವಾ?

ನಮ್ಮನೆಗೆ ಕೆಲಸಕ್ಕೆ ಬರುವವರನ್ನು ನೀವ್ಯಾಕೆ ಡಿಮಾರ್ಟ್‌ಗೆ ಹೋಗಲ್ಲ ಅಂತ ಕೇಳಿದೆ. "ಒಂದೇ ಸಲಕ್ಕೆ ಅಷ್ಟು ದುಡ್ಡು ಎಲ್ಲಿಂದ ತರ್ಲಿ ಅಕ್ಕ?" ಅಂದರು. ಅವರು ಕಾಲು ಕೇಜಿ ಬೇಳೆ, ಇಪ್ಪತ್ತು ರೂಪಾಯಿ ಎಣ್ಣೆ ಅಂತ ಆಯಾ ದಿನ ತರುತ್ತಾರೆ. ಕೇಜಿ ಲೆಕ್ಕದಲ್ಲಿ ನಮಗಿಂತ ಜಾಸ್ತಿ ಕೊಡುತ್ತಾರೆ. ಇದು ನನಗೆ ತುಂಬ ಬೇಜಾರು ತಂದ ವಿಷಯ.

ಆ್ಯಪ್ ಬಗ್ಗೆ ಹೇಳುವುದು ಕಡಿಮೆ ಇದೆ. ಹತ್ತಿರದಲ್ಲೇ ಗೋದಾಮಿನಂಥ ಒಂದು ಮಳಿಗೆ ಇಟ್ಟುಕೊಂಡು ಅಲ್ಲಿಂದ ಕಳಿಸುತ್ತಾರೆ. ಬೇಕೆಂದಾಗ ಬರುತ್ತದೆ ಎಂಬ ಧೈರ್ಯಕ್ಕೆ ಚೀಟಿ ಬರೆಯುವುದೇ ತಪ್ಪಿತು. ತಿಂಗಳಲ್ಲಿ 19 ಆರ್ಡರ್! ಪ್ರತಿ ಸಲವೂ ಮೇಲಿನ ಶುಲ್ಕ. ದೊಡ್ಡ ಪ್ಯಾಕು ಸಿಗದೆ ಸಣ್ಣ ಪ್ಯಾಕು ಕೊಂಡದ್ದೂ ಇದೆ. ಆದರೆ ಒಂದು ರಾತ್ರಿ ಹನ್ನೊಂದಕ್ಕೆ ಮಗನಿಗೆ ವಾಂತಿ ಶುರುವಾದಾಗ ಓಆರ್‌ಎಸ್ ಬಂದದ್ದು ಅದರಿಂದಲೇ. ಆ ಹೊತ್ತಿಗೆ ಉಳಿದ ಎರಡೂ ಬಾಗಿಲು ಹಾಕಿದ್ದವು.

ಈಗ ನಾವು ಚೀಟಿಯನ್ನು ಎರಡು ಮಾಡಿದ್ದೇವೆ. ಎರಡು ತಿಂಗಳಿಗೊಮ್ಮೆ ವಾರದ ದಿನ ಬೆಳಿಗ್ಗೆ ನಮ್ಮನೆಯವರು ಒಬ್ಬರೇ ಡಿಮಾರ್ಟ್‌ಗೆ ಹೋಗುತ್ತಾರೆ. ಸೋಪು, ಪುಡಿ, ಎಣ್ಣೆ ಎರಡು ತಿಂಗಳಿಗಾಗುವಷ್ಟು ತರುತ್ತಾರೆ. ಎರಡು ಕೈಚೀಲ ಮಾತ್ರ ಒಯ್ಯುತ್ತಾರೆ, ಅದರಲ್ಲಿ ಹಿಡಿಸದ್ದು ಮನೆಗೆ ಬರುವುದಿಲ್ಲ. ಆ್ಯಪ್ ಫೋನಿನಲ್ಲಿದೆ, ರಾತ್ರಿಯ ಅವಸರಕ್ಕೆ.

ಅಕ್ಕಿ, ಬೇಳೆ, ಬೆಲ್ಲ, ಸಾಂಬಾರ ಪದಾರ್ಥದ ಚೀಟಿ ಅಂಗಡಿಯಣ್ಣನಿಗೆ. ಅವರ ಪುಸ್ತಕದಲ್ಲಿ ನಮ್ಮ ಹೆಸರಿನ ಹಾಳೆ ಹಾಗೇ ಇದೆ. ಸದ್ಯಕ್ಕೆ ಬಾಕಿ ಏನೂ ಇಲ್ಲ.