ಒಂದೇ ತಂಡ, ಮೂರು ಮೈದಾನ: ಬರ್ಮಿಂಗ್‌ಹ್ಯಾಮ್‌ನಲ್ಲಿ ಯಾವುದಕ್ಕೆ ಹೋಗೋದು?

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಹೋದವರು ಬೇಸ್‌ಬಾಲ್ ಮೈದಾನ ನೋಡಬೇಕು ಅಂದರೆ ಮೂರಿವೆ. 1910ರ ರಿಕ್‌ವುಡ್ ಫೀಲ್ಡ್, 1988ರ ಹೂವರ್ ಮೆಟ್, 2013ರ ರೀಜನ್ಸ್ ಫೀಲ್ಡ್. ಮೂರೂ ಬ್ಯಾರನ್ಸ್ ತಂಡ ಒಂದೊಂದು ಕಾಲದಲ್ಲಿ ಆಡಿದ ಜಾಗಗಳೇ. ಬ್ಯಾರನ್ಸ್ ಮೈನರ್ ಲೀಗಿನ ಡಬಲ್-ಎ ತಂಡ, ಅಂದರೆ ದೊಡ್ಡ ಲೀಗಿಗಿಂತ (ಮೇಜರ್ ಲೀಗ್) ಎರಡು ಮೆಟ್ಟಿಲು ಕೆಳಗೆ. ನಾನು ಮೂರನ್ನೂ ನೋಡಿದ್ದೇನೆ. ನನ್ನ ಓಟು ಹಳೆಯದಕ್ಕೆ, ಆದರೆ ಎಲ್ಲ ವಿಷಯದಲ್ಲೂ ಅಲ್ಲ.

ಹೂವರ್ ಮೆಟ್ ಕಥೆ ಬೇಗ ಮುಗಿಸಿಬಿಡೋಣ. ಊರಾಚೆಯ ಬಡಾವಣೆ, ದೊಡ್ಡ ಪಾರ್ಕಿಂಗ್, ಎಲ್ಲಿ ನೋಡಿದರೂ ಕಾಂಕ್ರೀಟು. 1994ರಲ್ಲಿ ಮೈಕೆಲ್ ಜೋರ್ಡನ್ ಬಾಸ್ಕೆಟ್‌ಬಾಲ್ ಬಿಟ್ಟು ಬ್ಯಾರನ್ಸ್ ಪರ ಬ್ಯಾಟ್ ಹಿಡಿದಾಗ ತವರು ಮೈದಾನ ಇದೇ ಆಗಿತ್ತು. ಆ ಸೀಸನ್ನಿನಲ್ಲಿ 127 ಪಂದ್ಯ, ಸರಾಸರಿ .202 (ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಸಲ ಮಾತ್ರ ಹಿಟ್), ಹೋಮ್ ರನ್ (ಬೇಲಿ ದಾಟುವ ಹೊಡೆತ) ಬರೀ 3. ಜೋರ್ಡನ್ ಹುಚ್ಚಿದ್ದರೆ ಹೋಗಿ. ಇಲ್ಲದಿದ್ದರೆ ಬಿಟ್ಟರೂ ನಷ್ಟವೇನಿಲ್ಲ.

ನಿಜವಾದ ಪೈಪೋಟಿ ಇರೋದು ರಿಕ್‌ವುಡ್‌ಗೂ ರೀಜನ್ಸ್‌ಗೂ.

ಕೂತು ಆಟ ನೋಡುವ ಸುಖದಲ್ಲಿ ರೀಜನ್ಸ್ ಮುಂದು. ಕುರ್ಚಿ ಅಗಲ, ಕಣ್ಣಿಗೆ ಅಡ್ಡ ಬರುವ ಕಂಬ ಇಲ್ಲ, ಎದುರಿಗೆ ಪೇಟೆಯ ಎತ್ತರದ ಕಟ್ಟಡಗಳು. ಸಂಜೆ ದೀಪ ಹತ್ತಿದ ಮೇಲೆ ಆ ನೋಟ ಚೆನ್ನಾಗಿರುತ್ತದೆ. ಆಟ ಮುಗಿದ ಮೇಲೆ ಊಟಕ್ಕೆ ನಡೆದೇ ಹೋಗಬಹುದು. ಸಸ್ಯಾಹಾರಿಗಳಿಗೆ ಒಳಗೆ ಸಿಗೋದು ನಾಚೋಸ್, ಫ್ರೈಸ್, ಹುರಿದ ಕಡಲೆಕಾಯಿ, ಅಷ್ಟೇ. (ಬೇಯಿಸಿದ ಕಡಲೆಕಾಯಿ ಬೇಕಿದ್ದರೆ ಅಲಬಾಮಾದ ರಸ್ತೆಬದಿಯಲ್ಲಿ ಹುಡುಕಿ. ಹೌದು, ಅವರೂ ಉಪ್ಪು ಹಾಕಿಯೇ ಬೇಯಿಸುತ್ತಾರೆ!)

ರಿಕ್‌ವುಡ್‌ನಲ್ಲಿ ಇದ್ಯಾವುದೂ ಇಲ್ಲ. ಚಾವಣಿ ಹೊತ್ತ ಉಕ್ಕಿನ ಕಂಬಗಳು ಸಾಲಾಗಿ ನಿಂತಿವೆ. ತಪ್ಪು ಕುರ್ಚಿಯಲ್ಲಿ ಕೂತರೆ ಪಿಚರನೋ (ಚೆಂಡು ಎಸೆಯುವವನು) ಬ್ಯಾಟರನೋ, ಇಬ್ಬರಲ್ಲಿ ಒಬ್ಬ ಮಾಯ. ಸುತ್ತ ಸುಮ್ನೆ ಮನೆಗಳಿರುವ ಬೀದಿ, ಕಾಫಿಗೂ ಕಾರು ಹತ್ತಬೇಕು. ಆದರೂ ಪಂದ್ಯ ಇಲ್ಲದ ದಿನ ಒಳಗೆ ಕಾಲಿಟ್ಟರೆ ಹೊರಗೆ ಬರೋಕೆ ಮನಸ್ಸಾಗಲ್ಲ. ಅಮೆರಿಕದಲ್ಲಿ ಇವತ್ತಿಗೂ ಉಳಿದಿರುವ ವೃತ್ತಿಪರ ಬೇಸ್‌ಬಾಲ್ ಮೈದಾನಗಳಲ್ಲಿ ಇದೇ ಅತಿ ಹಳೆಯದು. ಬಾಸ್ಟನ್ನಿನ ಹಳೆಯ ಮೈದಾನ ಫೆನ್‌ವೇಗಿಂತ ಎರಡು ವರ್ಷ ದೊಡ್ಡದು. ಕಟ್ಟಿಸಿದವನು ಕಬ್ಬಿಣದ ಉದ್ಯಮಿ ರಿಕ್ ವುಡ್‌ವರ್ಡ್, ಮೈದಾನಕ್ಕೆ ಅವನದೇ ಹೆಸರು.

ನನಗೆ ತುಂಬಾ ಹಿಡಿಸಿದ್ದು ಔಟ್‌ಫೀಲ್ಡ್ ಬೇಲಿಯ ಹಿಂದಿರುವ ಹಳೆಯ ಕಾಂಕ್ರೀಟ್ ಗೋಡೆ. 1928ರದ್ದು. ಮಧ್ಯದಲ್ಲಿ ಒಂದು ಕಡೆ ಬಣ್ಣದಲ್ಲಿ X ಗುರುತು ಹಾಕಿದ್ದಾರೆ. 1948ರಲ್ಲಿ ಬ್ಯಾರನ್ಸ್ ಆಟಗಾರ ವಾಲ್ಟ್ ಡ್ರೋಪೋ ಹೊಡೆದ ಚೆಂಡು ಬಡಿದ ಜಾಗ ಅದು. ದೂರ 467 ಅಡಿ, ಅಂದರೆ ಸುಮಾರು 142 ಮೀಟರ್. ಕ್ರಿಕೆಟ್‌ನಲ್ಲಿ ಬೌಂಡರಿ ಹೆಚ್ಚೆಂದರೆ 90 ಗಜ, ಸುಮಾರು 82 ಮೀಟರ್, ಅಲ್ವಾ? ಊರಿಂದ ಬಂದಿದ್ದ ಅಪ್ಪ ಆ ಗುರುತಿನ ಕೆಳಗೆ ನಿಂತು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. "ಇಷ್ಟು ದೂರ ಹೊಡೆದರೂ ಆರು ರನ್ ಕೊಡಲ್ವಾ?" ಅಂದರು.

ಅದೇ 1948ರಲ್ಲಿ ಇಲ್ಲಿ ಆಡುತ್ತಿದ್ದ ಇನ್ನೊಬ್ಬ ಹುಡುಗ ವಿಲೀ ಮೇಸ್, ಮುಂದೆ ಜೈಂಟ್ಸ್ ಪರ ಆಡಿ ಬೇಸ್‌ಬಾಲ್ ದಂತಕಥೆಯಾದವನು. 17 ವಯಸ್ಸು, ಬ್ಲ್ಯಾಕ್ ಬ್ಯಾರನ್ಸ್ ತಂಡ. ಒಂದೇ ಮೈದಾನ, ಆದರೆ ಬಿಳಿಯರ ತಂಡ ಬೇರೆ, ಕಪ್ಪು ಜನರ ತಂಡ ಬೇರೆ. ಬ್ಯಾರನ್ಸ್ ಆಟ ನೋಡಲು ಬಂದ ಕಪ್ಪು ಜನ ಬಲಗಡೆ ದೂರದ ಗ್ಯಾಲರಿಯಲ್ಲೇ ಕೂರಬೇಕಿತ್ತು. ಎರಡೂ ಬಣ್ಣದವರು ಒಟ್ಟಿಗೆ ಆಡುವುದಕ್ಕೇ ಊರಿನ ಕಾನೂನು ಅಡ್ಡಿಯಾಗಿತ್ತು. ಒಂದೇ ತಂಡದಲ್ಲಿ ಇಬ್ಬರೂ ಆಡಿದ್ದು 1964ರಲ್ಲಿ. ಆ ಬಲಗಡೆಗೆ ಹೋಗಿ ನಿಂತು ನೋಡಿ, ಪಿಚರ್ ಎಷ್ಟು ಚಿಕ್ಕದಾಗಿ ಕಾಣುತ್ತಾನೆ ಅಂತ ಗೊತ್ತಾಗುತ್ತದೆ. ಯಾವ ಮಾಹಿತಿ ಫಲಕವೂ ಇದನ್ನು ಇಷ್ಟು ಚೆನ್ನಾಗಿ ಹೇಳಲ್ಲ. 2024ರ ಜೂನ್ 20ಕ್ಕೆ ದೊಡ್ಡ ಲೀಗಿನವರು ಬಂದು ಇಲ್ಲಿ ಒಂದು ಪಂದ್ಯ ಆಡಿದರು, ಜೈಂಟ್ಸ್ ಮತ್ತು ಕಾರ್ಡಿನಲ್ಸ್. ಮೇಸ್ ತೀರಿಕೊಂಡು ಆಗ ಎರಡೇ ದಿನ ಆಗಿತ್ತು.

ರಿಕ್‌ವುಡ್‌ನ ಕೈಯಲ್ಲಿ ಬದಲಿಸುವ ಸ್ಕೋರ್‌ಬೋರ್ಡ್ ನೋಡಿ ಮಾತ್ರ ಜಾಸ್ತಿ ಭಾವುಕರಾಗಬೇಡಿ. 1990ರ ದಶಕದಲ್ಲಿ ಒಂದು ಸಿನಿಮಾ ಚಿತ್ರೀಕರಣಕ್ಕೆ ಹಳೆಯದರ ಹಾಗೆ ಕಟ್ಟಿದ್ದು ಅದು. ಚೆನ್ನಾಗಿದೆ, ಅಷ್ಟೇ.

ಹಾಗಾದರೆ ಯಾರಿಗೆ ಯಾವುದು? ಚಿಕ್ಕ ಮಕ್ಕಳಿದ್ದರೆ ರೀಜನ್ಸ್, ಯೋಚನೆಯೇ ಬೇಡ. ಬೇಸ್‌ಬಾಲ್ ಅರ್ಥವೇ ಆಗದ ಅಪ್ಪ ಅಮ್ಮ ಜೊತೆಗಿದ್ದರೆ, ಆಶ್ಚರ್ಯ ಅನ್ನಿಸಬಹುದು, ರಿಕ್‌ವುಡ್. ಅಲ್ಲಿ ಆಟ ಗೊತ್ತಿರಬೇಕಿಲ್ಲ, ನಡೆದಾಡಿದರೆ ಸಾಕು. ಒಂದೇ ದಿನ ಇದ್ದರೆ ಬೆಳಿಗ್ಗೆ ರಿಕ್‌ವುಡ್, ಮಧ್ಯಾಹ್ನ ರೀಜನ್ಸ್ ಪಕ್ಕದಲ್ಲೇ ಇರುವ ನೀಗ್ರೋ ಸದರ್ನ್ ಲೀಗ್ (ಕಪ್ಪು ಆಟಗಾರರ ಹಳೆಯ ಲೀಗ್) ಮ್ಯೂಸಿಯಂ, ಸಂಜೆ ಪಂದ್ಯ. ರಿಕ್‌ವುಡ್ ಬಾಗಿಲು ತೆರೆದಿರುತ್ತದಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಬೇಸಿಗೆಯಾದರೆ ಟೋಪಿ, ನೀರು ಮರೀಬೇಡಿ. ಚಾವಣಿ ದಾಟಿ ಆ ಗೋಡೆವರೆಗೆ ಹೋಗೋಕೆ ಬಿಸಿಲಲ್ಲೇ ನಡೀಬೇಕು.