ಸ್ಕ್ರ್ಯಾಚ್ 3: ಮಕ್ಕಳ ಮೊದಲ ಕೋಡಿಂಗ್‌ಗೆ ವರ್ಷಗಟ್ಟಲೆ ಬಳಸಿ ನೋಡಿದ ಮೇಲೆ

ಎಂಟು ವರ್ಷ ದಾಟಿದ ಮಗುವಿಗೆ ಕೋಡಿಂಗ್ ಶುರು ಮಾಡಿಸಲು ಯಾವುದು ಒಳ್ಳೆಯದು ಎಂದು ಯಾರೇ ಕೇಳಿದರೂ ನಮ್ಮ ಉತ್ತರ ಇವತ್ತಿಗೂ ಸ್ಕ್ರ್ಯಾಚ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಕಟ್ಟಿದ ಇದು 2007ರಲ್ಲಿ ಎಲ್ಲರ ಕೈಗೆ ಬಂತು, ಈಗಿನ 3.0 ಆವೃತ್ತಿ ಬಂದದ್ದು 2019ರ ಜನವರಿಯಲ್ಲಿ. ದುಡ್ಡು ಕೊಡಬೇಕಿಲ್ಲ, ಜಾಹೀರಾತೂ ಇಲ್ಲ. ಐದರಿಂದ ಏಳು ವರ್ಷದವರಿಗೆ, ಓದಲು ಬಾರದಿದ್ದರೂ ನಡೆಯುವ ಸ್ಕ್ರ್ಯಾಚ್ ಜೂನಿಯರ್ ಬೇರೆಯೇ ಇದೆ.

ಸ್ಕ್ರ್ಯಾಚ್‌ನಲ್ಲಿ ಆಜ್ಞೆಗಳನ್ನು ಟೈಪ್ ಮಾಡುವುದಿಲ್ಲ, ಆಜ್ಞೆ ಬರೆದ ಬ್ಲಾಕ್‌ಗಳನ್ನು ಎಳೆದು ಜೋಡಿಸುವುದು. ಆಕಾರ ಹೊಂದದಿದ್ದರೆ, ಉದಾಹರಣೆಗೆ ದುಂಡಗಿನ ಬ್ಲಾಕ್ ಆರು ಮೂಲೆಯ ಗೂಡಿಗೆ, ಕೂರುವುದೇ ಇಲ್ಲ. ಸ್ಪೆಲಿಂಗ್ ತಪ್ಪು, ಆವರಣ ಮುಚ್ಚಲು ಮರೆತದ್ದು, ಇಂಥವಕ್ಕೆಲ್ಲ ಜಾಗವೇ ಇಲ್ಲದ್ದರಿಂದ ಮಗು ಮಾಡುವ ತಪ್ಪೆಲ್ಲ ಯೋಚನೆಯ ತಪ್ಪಾಗಿರುತ್ತದೆ. ನಾವು ಇದನ್ನು ಮೆಚ್ಚುವುದು ಮುಖ್ಯವಾಗಿ ಈ ಕಾರಣಕ್ಕೆ.

ಆದರೆ ಮೊದಲ ದಿನವೇ ಕಂಪ್ಯೂಟರ್ ಮುಂದೆ ಕೂರಿಸಬೇಡಿ. ನೆಲದ ಮೇಲೆ ಚೌಕಾಬಾರದ ಹಾಗೆ 5×5 ಮನೆ ಬರೆದು ಒಬ್ಬರನ್ನು ಬೆಕ್ಕು ಮಾಡಿ (ಸ್ಕ್ರ್ಯಾಚ್ ತೆರೆದಾಗ ತೆರೆಯ ಮೇಲೆ ಕಾಣುವುದು ಬೆಕ್ಕೇ). ಉಳಿದವರು ‘ಒಂದು ಮನೆ ಮುಂದೆ’, ‘ಬಲಕ್ಕೆ ತಿರುಗು’ ಎಂಬ ಎರಡೇ ಆಜ್ಞೆಯಲ್ಲಿ ಬೆಕ್ಕನ್ನು ನಡು ಮನೆಗೆ ತರಬೇಕು. ‘ಬಲಕ್ಕೆ ತಿರುಗು’ ಎಂದಾಗ ಹೆಚ್ಚಿನ ಮಕ್ಕಳು ಬಲಗಡೆಯ ಮನೆಗೆ ಹೆಜ್ಜೆ ಇಟ್ಟುಬಿಡುತ್ತಾರೆ. ತಿರುಗುವುದೆಂದರೆ ನಿಂತಲ್ಲೇ ಮುಖ ತಿರುಗಿಸುವುದು ಎಂಬುದು ಇಲ್ಲಿ ಸರಿಹೋಗದಿದ್ದರೆ ತೆರೆಯ ಮೇಲೆ ಚೌಕ ಬಿಡಿಸುವಾಗ ಒದ್ದಾಟ ತಪ್ಪದು.

ಚೌಕಕ್ಕೆ ಪೆನ್ ಎಕ್ಸ್‌ಟೆನ್ಷನ್ (ಗೆರೆ ಎಳೆಯುವ ಹೆಚ್ಚುವರಿ ಬ್ಲಾಕ್‌ಗಳು) ಸೇರಿಸಿ, ‘ಪೆನ್ ಡೌನ್’ ಹಾಕಿ, ‘ರಿಪೀಟ್ 4’ ಒಳಗೆ ‘ಮೂವ್ 100’, ‘ಟರ್ನ್ 90’ ಇಡಬೇಕು. ಜೊತೆಗೆ ಅರ್ಧ ಸೆಕೆಂಡಿನ ‘ವೇಯ್ಟ್’ ಇರಲಿ. ಇಲ್ಲವಾದರೆ ಬೆಕ್ಕು ಹೊರಟಲ್ಲಿಗೇ ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್ಸಾಗಿ, ಅದು ನಡೆದದ್ದೇ ಮಗುವಿಗೆ ಕಾಣುವುದಿಲ್ಲ. ತ್ರಿಕೋನಕ್ಕೆ ಎಲ್ಲರೂ 60 ಬರೆಯುತ್ತಾರೆ, ಶಾಲೆಯಲ್ಲಿ ಕಲಿತದ್ದು ಒಳಕೋನ ತಾನೇ. ಬೆಕ್ಕು ತಿರುಗುವುದು ಹೊರಕೋನದಷ್ಟು, 120. ಇದನ್ನು ಬಾಯಲ್ಲಿ ಹೇಳುವ ಬದಲು ಆ ತ್ರಿಕೋನವನ್ನು ನೆಲದ ಮೇಲೆ ನಡೆಸಿ ತೋರಿಸಿ.

ಬೆಕ್ಕು ಓಡಾಡುವ ವೇದಿಕೆಯ ಅಳತೆ 480×360, ಸೊನ್ನೆ ಇರುವುದು ನಟ್ಟನಡುವೆ. ಅಂದರೆ ಅಗಲದಲ್ಲಿ -240ರಿಂದ 240, ಎತ್ತರದಲ್ಲಿ -180ರಿಂದ 180. ಋಣ ಸಂಖ್ಯೆ ಕಲಿಯದ ಮೂರನೇ ತರಗತಿಯ ಮಗುವಿಗೆ ಇದು ನಿಜಕ್ಕೂ ಭಾರ. ಬಾವಿಯ ಕಟ್ಟೆಯನ್ನು ಸೊನ್ನೆ ಎಂದುಕೊಂಡು ಕೆಳಗೆ ನೀರಿನವರೆಗೆ ಎಣಿಸುವ ಉದಾಹರಣೆ ಕೆಲಸಕ್ಕೆ ಬರುತ್ತದೆ. ಲೈಬ್ರರಿಯಲ್ಲಿರುವ ‘ಎಕ್ಸ್‌ವೈ ಗ್ರಿಡ್’ ಹಿನ್ನೆಲೆಯನ್ನು ಮೊದಲ ಕೆಲವು ತರಗತಿಗಳಲ್ಲಿ ತೆಗೆಯಲೇಬೇಡಿ.

ನಿಜವಾದ ಪಾಠ ಶುರುವಾಗುವುದು ಮೇಲಿನಿಂದ ಬೀಳುವ ಸೇಬನ್ನು ಬಟ್ಟಲಲ್ಲಿ ಹಿಡಿಯುವ ಆಟದಲ್ಲಿ. ಸೇಬಿಗೆ ‘ಫಾರೆವರ್’ (ಒಳಗಿನದನ್ನು ನಿಲ್ಲದೆ ಮತ್ತೆ ಮತ್ತೆ ಮಾಡಿಸುವ ಲೂಪ್) ಒಳಗೆ ‘ಚೇಂಜ್ ವೈ ಬೈ -5’, ಅಂದರೆ ಎತ್ತರವನ್ನು 5 ಇಳಿಸು ಎಂದು ಕೊಟ್ಟರೆ ಮೇಲಿನ 170ರಿಂದ ಕೆಳಗಿನ -170ಕ್ಕೆ 68 ಹೆಜ್ಜೆ. ಸ್ಕ್ರ್ಯಾಚ್ ಸೆಕೆಂಡಿಗೆ 30 ಸಲ ತೆರೆ ಬದಲಿಸುವುದರಿಂದ ಸುಮಾರು ಎರಡೂಕಾಲು ಸೆಕೆಂಡು, ಚಿಕ್ಕ ಕೈಗಳಿಗೆ ಹದವಾದ ವೇಗ. ಆಮೇಲೆ ಮಗು ‘ಇಫ್ ಟಚಿಂಗ್ ಬೌಲ್’ ಇಟ್ಟು ಒಳಗೆ ‘ಚೇಂಜ್ ಸ್ಕೋರ್ ಬೈ 1’ ಹಾಕುತ್ತದೆ. ಒಂದು ಸೇಬು ಬಿದ್ದರೆ ಅಂಕ 1 ಆಗುವ ಬದಲು 15 ಆಗುತ್ತದೆ! ಸೇಬು ಬಟ್ಟಲನ್ನು ಮುಟ್ಟಿಕೊಂಡೇ ಅರ್ಧ ಸೆಕೆಂಡು ಜಾರಿದೆ, ಅಷ್ಟರಲ್ಲಿ ಲೂಪ್ 15 ಸಲ ಸುತ್ತಿದೆ, ಪ್ರತಿ ಸುತ್ತಲ್ಲೂ ಮುಟ್ಟಿದೆಯೇ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರವೇ ಬಂದಿದೆ. ಪರಿಹಾರ ಒಂದೇ ಬ್ಲಾಕ್: ಅಂಕ ಕೊಟ್ಟ ತಕ್ಷಣ ಸೇಬನ್ನು ಮೇಲಕ್ಕೆ, ಅಗಲದಲ್ಲಿ -220ರಿಂದ 220ರ ನಡುವೆ ಎಲ್ಲಾದರೂ ಕಳಿಸುವುದು. ದಯವಿಟ್ಟು ಇದನ್ನು ಮೊದಲೇ ಹೇಳಿಕೊಡಬೇಡಿ. ಅಂಕ ಏಕೆ ಜಿಗಿಯಿತು ಎಂದು ಮಗು ತಾನೇ ಹುಡುಕಲಿ, ಒಂದು ಇಡೀ ಪೀರಿಯಡ್ ಹೋದರೂ ಹೋಗಲಿ.

ಇದರ ತದ್ವಿರುದ್ಧದ ತಪ್ಪು, ‘ಇಫ್’ ಅನ್ನು ‘ಫಾರೆವರ್’ ಹೊರಗೆ ಇಡುವುದು. ಆಟ ಶುರು ಮಾಡುವ ಹಸಿರು ಬಾವುಟ ಒತ್ತಿದ ಕ್ಷಣದಲ್ಲಿ ಒಂದೇ ಒಂದು ಸಲ ನೋಡಿ ಮುಗಿಯುತ್ತದೆ. ಆಗ ಸೇಬು ಇನ್ನೂ ಮೇಲೇ ಇರುತ್ತದೆ. ಆಟ ಎರಡನೇ ಸಲ ಆಡುವಾಗ ಹಳೆಯ ಅಂಕ ಉಳಿದಿದ್ದರೆ ಬಾವುಟದ ಕೆಳಗೆ ‘ಸೆಟ್ ಸ್ಕೋರ್ ಟು 0’ ಇಲ್ಲವೆಂದರ್ಥ. ಬಟ್ಟಲು ಬಾಣದ ಕೀಲಿಗೆ ತಡವರಿಸುತ್ತಿದ್ದರೆ ‘ವೆನ್ ಕೀ ಪ್ರೆಸ್ಡ್’ ಬಿಟ್ಟು, ‘ಫಾರೆವರ್’ ಒಳಗೆ ‘ಇಫ್ ಕೀ ಪ್ರೆಸ್ಡ್’ ಬಳಸಿ. ಬೆಕ್ಕು ಗೋಡೆಗೆ ಬಡಿದು ತಲೆಕೆಳಗಾದರೆ ರೊಟೇಷನ್ ಸ್ಟೈಲ್ ‘ಲೆಫ್ಟ್-ರೈಟ್’ ಮಾಡಿದರಾಯಿತು.

ಕನ್ನಡದ ಮಕ್ಕಳಿಗೆ ಇನ್ನೊಂದು ಅನುಕೂಲ: ವೇರಿಯೇಬಲ್ (ಅಂಕದಂಥ ಬದಲಾಗುವ ಬೆಲೆ), ಬ್ರಾಡ್‌ಕಾಸ್ಟ್ ಸಂದೇಶ (ಒಂದು ಪಾತ್ರ ಉಳಿದವಕ್ಕೆ ಕಳಿಸುವ ಸೂಚನೆ), ಸ್ವಂತ ಬ್ಲಾಕ್ ಇವುಗಳ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಬಹುದು. ‘ಅಂಕ’, ‘ಆಟ ಶುರು’, ‘ಚೌಕ ಬಿಡಿಸು’ ಎಂದಿದ್ದರೆ ಪ್ರೋಗ್ರಾಂ ತಾನೇ ಮಾತಾಡುತ್ತದೆ. ಟೈಪಿಂಗ್ ತಂತ್ರಾಂಶ ಮಾತ್ರ ಯೂನಿಕೋಡ್‌ನಲ್ಲಿರಬೇಕು, ಹಳೆಯ ಫಾಂಟ್ ಪದ್ಧತಿಯಲ್ಲಿದ್ದರೆ ಅಕ್ಷರದ ಬದಲು ಚಿಹ್ನೆಗಳು ಬರುತ್ತವೆ.

ಇಂಟರ್‌ನೆಟ್ ನೆಚ್ಚಿಕೊಳ್ಳಲಾಗದ ಕಡೆ ಆಫ್‌ಲೈನ್ ಆ್ಯಪ್ ಹಾಕಿಕೊಳ್ಳಿ. ಚಿತ್ರ, ಸದ್ದುಗಳ ಲೈಬ್ರರಿ ಅದರೊಳಗೇ ಇದೆ, ಅನುವಾದ ಮತ್ತು ಟೆಕ್ಸ್ಟ್ ಟು ಸ್ಪೀಚ್‌ಗೆ ಮಾತ್ರ ನೆಟ್ ಬೇಕು. ವಿಂಡೋಸ್ 10ಕ್ಕಿಂತ ಹಳೆಯದರಲ್ಲಿ ಈ ಆ್ಯಪ್ ನಡೆಯದು, ಉಬುಂಟು ಲ್ಯಾಬ್‌ನಲ್ಲಾದರೆ ಬ್ರೌಸರೇ ಗತಿ. ಆಫ್‌ಲೈನ್ ಆ್ಯಪ್ ತಾನಾಗಿ ಸೇವ್ ಮಾಡುವುದಿಲ್ಲ. ಕರೆಂಟ್ ಹೋದರೆ ಅಷ್ಟೂ ಹೋಯಿತು, ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡಿಸಿ. ಒಂದು ಕಂಪ್ಯೂಟರಿಗೆ ಇಬ್ಬರಿದ್ದರೆ ಅದೇ ಹೊತ್ತಿಗೆ ಮೌಸನ್ನೂ ಕೈ ಬದಲಿಸಿ.

ಕೊರತೆಯೆಂದರೆ, ಬ್ಲಾಕ್‌ಗಳ ಪಟ್ಟಿ ತೀರಾ ಉದ್ದ. ಮಕ್ಕಳು ಬಣ್ಣ, ಸದ್ದು ಬದಲಿಸುತ್ತ ಹೊತ್ತು ಕಳೆದುಬಿಡುತ್ತಾರೆ. ಮೊದಲ ತಿಂಗಳು ಹತ್ತು ಬ್ಲಾಕ್ ಸಾಕೆಂದು ಗೋಡೆಗೆ ಬರೆದು ಅಂಟಿಸುವುದು ಲೇಸು. ಕ್ಲೋನ್‌ಗಳಿಗೆ, ಅಂದರೆ ಆಟ ನಡೆಯುವಾಗ ಹುಟ್ಟುವ ನಕಲುಗಳಿಗೆ, 300ರ ಮಿತಿಯಿದೆ. ‘ಡಿಲೀಟ್ ದಿಸ್ ಕ್ಲೋನ್’ ಮರೆತ ಗುಂಡು ಹಾರಿಸುವ ಆಟ ಸ್ವಲ್ಪ ಹೊತ್ತಾದ ಮೇಲೆ ಗುಂಡೇ ಹಾರಿಸುವುದಿಲ್ಲ, ದೋಷ ಎಲ್ಲಿದೆ ಎಂದು ಯಾವ ಸಂದೇಶವೂ ಬರುವುದಿಲ್ಲ.

ಮಗು ಉದ್ದದ ಅಳತೆ ಕೇಳುವ ‘ಚೌಕ ಬಿಡಿಸು’ ಬ್ಲಾಕನ್ನು ತಾನೇ ಕಟ್ಟುವಷ್ಟಾದಾಗ ಆಜ್ಞೆಗಳನ್ನು ಟೈಪ್ ಮಾಡುವ ಪೈಥಾನ್ ಭಾಷೆಯಲ್ಲಿ ಚಿತ್ರ ಬಿಡಿಸುವ ಟರ್ಟಲ್‌ಗೆ ದಾಟಿಸಿ. ಅದೇ 100, ಅದೇ 90, ಅದೇ ನಾಲ್ಕು ಸುತ್ತು. ಒಂದು ಎಚ್ಚರಿಕೆ: ಸ್ಕ್ರ್ಯಾಚ್‌ನಲ್ಲಿ 0 ಡಿಗ್ರಿ ಅಂದರೆ ಮೇಲ್ಮುಖ, ಟರ್ಟಲ್‌ನಲ್ಲಿ 0 ಅಂದರೆ ಬಲ.